ಹೊಸಕೆರೆಯ ಸಣ್ಣಜೊಂಡು

"ಯಾರ್ರೀ ಅದು? ಮೊದ್ಲು ನೀರಿಂದ ಮೇಲೆ ಬನ್ನಿ."

ಸೊಂಟದವರೆಗೆ ನೀರಿನಲ್ಲಿ ನಿಂತು ಜೊಂಡನ್ನು ಬುಡಸಮೇತ ಕೀಳುತ್ತಿದ್ದ ಯುವಕ ಬೆಚ್ಚಿ ತಿರುಗಿದ. ಕಾಲ ಕೆಳಗಿನ ಕೆಸರು ಜಾರಿತು. ಮರುಕ್ಷಣ ಅವನ ತಲೆಯೂ ಕಾಣಲಿಲ್ಲ.

ಏರಿಯ ಮೇಲೆ ನಿಂತಿದ್ದ ಚೈತ್ರಶ್ರೀ ದಡಕ್ಕೆ ಓಡಿದಳು. 'ದೇವರೇ... ಕಳ್ಳನನ್ನು ಹಿಡಿಯೋಕೆ ಹೋಗಿ ಕೊಲೆ ಮಾಡಿಬಿಟ್ಟೆನಾ?'

ಕೊಲೆಯೇನೂ ಆಗಲಿಲ್ಲ. ಕೆಮ್ಮುತ್ತಾ, ಕಣ್ಣುಜ್ಜುತ್ತಾ ಅವನು ಎದ್ದು ನಿಂತ. ತಲೆಯ ಮೇಲೆ ಪಾಚಿ, ಅಂಗಿಯ ತುಂಬಾ ಕೆಸರು. ಆದರೂ ಕಿತ್ತ ಜೊಂಡನ್ನು ಮಾತ್ರ ಕೈಯಿಂದ ಬಿಟ್ಟಿರಲಿಲ್ಲ. ಚೈತ್ರಶ್ರೀಗೆ ನಗು ಉಕ್ಕಿತು. ಆದರೆ ಬೈಯಲು ಬಂದವಳು ನಕ್ಕರೆ ಮರ್ಯಾದೆ ಉಳಿಯುತ್ತದೆಯೇ? ಹಲ್ಲು ಕಚ್ಚಿ ನಿಂತಳು.

ಅದು ತೊಂಬತ್ತಾರನೇ ಇಸವಿಯ ಫೆಬ್ರವರಿ. ಹಾಸನ ಜಿಲ್ಲೆಯ ಪಾಳ್ಯದಿಂದ ಸ್ವಲ್ಪ ಒಳಗೆ, ಮೇಲ್ಗಡೆ ಕಾಫಿ ತೋಟ, ಕೆಳಗಡೆ ಗದ್ದೆ ಇರುವ ಊರು ಅವಳದು. ಎರಡರ ನಡುವೆ ಹೊಸಕೆರೆ. ಹೆಸರಿಗಷ್ಟೇ ಹೊಸದು. ಅದು ಯಾರ ಕಾಲದಲ್ಲಿ ಹೊಸದಾಗಿತ್ತೋ ಊರಿನಲ್ಲಿ ಯಾರಿಗೂ ಗೊತ್ತಿರಲಿಲ್ಲ.

"ನಾನು ಮೇಲಿನ ಎಸ್ಟೇಟಿನಲ್ಲಿ ಲೆಕ್ಕಪತ್ರ ನೋಡೋ ಹೊಸ ರೈಟರ್. ಯೋಗಾನಂದ ಅಂತ," ಎಂದ ಅವನು.

ಎಸ್ಟೇಟ್ ಎಂಬ ಹೆಸರು ಕೇಳಿದ್ದೇ ತಡ, ಅವಳ ಮೈ ಉರಿಯಿತು. ಹಣ್ಣು ಕೊಯ್ದು ಸಿಪ್ಪೆ ಸುಲಿಯುವ ಪಲ್ಪರ್‌ಗೆ ಹಾಕುವ ದಿನಗಳಲ್ಲಿ ಕಾಫಿ ತೊಳೆದ ನೀರು ಹಳ್ಳದಲ್ಲಿ ಇಳಿದು ನೇರ ಈ ಕೆರೆಗೇ ಬರುತ್ತಿತ್ತು. ಕೆರೆ ಕಪ್ಪಾಗುತ್ತಿತ್ತು. ಮೀನುಗಳು ಸತ್ತು ತೇಲುತ್ತಿದ್ದವು. ಊರಿನ ದನಗಳು ಕೂಡ ಆ ನೀರಿಗೆ ಮೂತಿ ಇಡುತ್ತಿರಲಿಲ್ಲ.

"ನಿಮ್ಮ ಕೊಳಕು ನೀರು ಕುಡಿಸಿದ್ದು ಸಾಲ್ದು ಅಂತ ಈಗ ಜೊಂಡೂ ಹೊತ್ಕೊಂಡು ಹೋಗ್ತಿದೀರಾ?"

"ಆ ನೀರಿಗೋಸ್ಕರಾನೇ ಕಣ್ರೀ ಈ ಜೊಂಡು."

ಅವನು ದಡಕ್ಕೆ ಬಂದು, ಬಟ್ಟೆ ಹಿಂಡಿಕೊಳ್ಳುತ್ತಲೇ ವಿವರಿಸಿದ. ಪಲ್ಪರ್ ಮನೆಯ ಕೆಳಗೆ ಗುಂಡಿಗಳನ್ನು ತೆಗೆದು, ಅವುಗಳಲ್ಲಿ ಜೊಂಡು ಬೆಳೆಸಿ, ಕೊಳಕು ನೀರನ್ನು ಅದರ ಬೇರುಗಳ ನಡುವೆ ನಿಧಾನವಾಗಿ ಹರಿಸಿದರೆ ನೀರು ಬಹಳಷ್ಟು ತಿಳಿಯಾಗುತ್ತದಂತೆ. ಅವನು ಹಾಸನದಲ್ಲಿ ಸಸ್ಯಶಾಸ್ತ್ರ ಓದಿದವನು. ಕೆಲಸಕ್ಕೆ ಅಲೆದು ಸಾಕಾಗಿ ರೈಟರ್ ಆಗಿ ಸೇರಿದ್ದ. ಮಾಲೀಕರು 'ಬೇಕಿದ್ರೆ ಮಾಡಿ ನೋಡಪ್ಪ, ಆಳುಗಳನ್ನ ಮಾತ್ರ ಕೇಳಬೇಡ' ಅಂದಿದ್ದರಂತೆ. ಅದಕ್ಕೇ ಭಾನುವಾರ ಒಬ್ಬನೇ ಕೆರೆಗೆ ಇಳಿದಿದ್ದ.

ಚೈತ್ರಶ್ರೀಯ ಕೋಪ ಅರ್ಧ ಇಳಿಯಿತು. ಆದರೆ ಅವನು ಕಿತ್ತು ಹಾಕಿದ್ದ ರಾಶಿ ನೋಡಿದಾಗ ಮತ್ತೆ ಏರಿತು.

"ಇದ್ರಲ್ಲಿ ಎರಡು ಜಾತಿ ಸೇರೈತೆ. ನಿಮ್ಗೆ ಗೊತ್ತಾಗ್ಲಿಲ್ವಾ?"

ತೆನೆ ಬಂದಿದ್ದರೆ ಹೇಳುತ್ತಿದ್ದೆ, ಬರೀ ಎಲೆ ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ ಎಂದು ಅವನು ಸಂಕೋಚವಿಲ್ಲದೆ ಒಪ್ಪಿಕೊಂಡ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅನ್ನುವ ಗಂಡಸರನ್ನು ಅವಳು ಅಷ್ಟಾಗಿ ಕಂಡಿರಲಿಲ್ಲ. ಅದೊಂದು ಕಾರಣಕ್ಕೋ ಏನೋ, ಲಂಗ ಎತ್ತಿ ಸಿಕ್ಕಿಸಿಕೊಂಡು ತಾನೂ ಮೊಣಕಾಲುದ್ದದ ನೀರಿಗಿಳಿದಳು.

"ಕಣ್ಣು ಮುಚ್ಕೊಳ್ಳಿ. ನೀರಿನ ಕೆಳಗೆ, ಬುಡದ ಹತ್ರ ಎಲೆ ಹಿಡೀರಿ. ಬೆನ್ನ ಮೇಲೆ ಹೆಬ್ಬೆಟ್ಟು ಆಡಿಸಿ. ಏನು ಸಿಕ್ತು?"

"ಮಧ್ಯದಲ್ಲಿ ಏಣು ಸಿಗ್ತಾ ಐತೆ. ಎಲೆಗೆ ಮೂರು ಮೂಲೆ ಇದ್ದಂಗೆ."

"ಅದು ಆನೆಜೊಂಡು. ಈಗ ಇದನ್ನ ಹಿಡೀರಿ."

"ಇದು ನುಣ್ಣಗೈತೆ."

"ಅದು ಸಣ್ಣಜೊಂಡು. ಮೇಲ್ಗಡೆ ನೋಡಿದ್ರೆ ಗೊತ್ತಾಗಲ್ಲ, ನೀರಿನ ಕೆಳಗೇ ಕೈ ಹಾಕ್ಬೇಕು. ನುಣ್ಣಗಿರೋದನ್ನ ಮಾತ್ರ ಮುಟ್ಟಬೇಡಿ."

ಯಾಕೆ ಮುಟ್ಟಬಾರದು ಎಂದೂ ಹೇಳಿದಳು. ಅವರ ಮನೆಯ ಹೆಣ್ಣುಮಕ್ಕಳ ಮದುವೆಗೆ ಹಸೆಯ ಮೇಲೆ ಹಾಸುವ ಚಾಪೆಯನ್ನು ಈ ಕೆರೆಯ ಸಣ್ಣಜೊಂಡಿನಲ್ಲೇ ಹೆಣೆಯಬೇಕು. ಅವಳ ಸೋದರತ್ತೆಯರೆಲ್ಲ ಅಜ್ಜಿ ಹೆಣೆದ ಅಂಥ ಚಾಪೆಯ ಮೇಲೆ ಕೂತೇ ಮದುವೆಯಾದವರು. ತೂಬಿನ ಪಕ್ಕದ ಒಂದು ಮೂಲೆಯಲ್ಲಿ ಮಾತ್ರ ಆ ಜಾತಿ ಉಳಿದಿತ್ತು. ಮಿಕ್ಕ ಕಡೆಯೆಲ್ಲ ಆನೆಜೊಂಡು ನುಗ್ಗಿ ಬಂದಿತ್ತು.

ಯೋಗಾನಂದ ಕಿಸೆಯಿಂದ ಚಾಕು ತೆಗೆದು ಆನೆಜೊಂಡಿನ ಎಲೆಯನ್ನು ಅಡ್ಡಕ್ಕೆ ಕತ್ತರಿಸಿ ಅವಳ ಮುಂದೆ ಹಿಡಿದ. ಒಳಗೆ ಸಾಲಾಗಿ ಸಣ್ಣ ಸಣ್ಣ ಕೋಣೆಗಳು. ಈ ದಾರಿಯಲ್ಲೇ ಗಿಡ ಕೆಸರಿನಲ್ಲಿರುವ ಬೇರಿಗೆ ಗಾಳಿ ಕಳಿಸುತ್ತದೆ, ಅದಕ್ಕೇ ಉಸಿರು ಕಟ್ಟುವ ನೀರಿನಲ್ಲೂ ಬದುಕುತ್ತದೆ ಎಂದ. ಹುಟ್ಟಿದಾಗಿನಿಂದ ಜೊಂಡು ಹಿಡಿದವಳು ಅದರ ಒಳಗೆ ಏನಿದೆ ಎಂದು ಒಮ್ಮೆಯೂ ನೋಡಿರಲಿಲ್ಲ. ಕತ್ತರಿಸಿದ ತುಂಡನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು.

ಅಂದೇ ಒಪ್ಪಂದವಾಯಿತು. ಅವನು ಆನೆಜೊಂಡನ್ನು ಮಾತ್ರ ಒಯ್ಯಬೇಕು. ಅವನ ಗುಂಡಿಯೂ ತುಂಬುತ್ತದೆ, ಅವಳ ಕೆರೆಯೂ ಹಗುರಾಗುತ್ತದೆ.

* * *

ಆ ಬೇಸಿಗೆಯ ಭಾನುವಾರಗಳು!

ಆಗ ಮೊಬೈಲ್ ಎಲ್ಲಿತ್ತು? ಪಾಳ್ಯದ ಎಸ್‌ಟಿಡಿ ಬೂತಿನಲ್ಲಿ ಸಾಲು ನಿಂತು, ಹಿಂದಿನವರಿಗೆ ಕೇಳದ ಹಾಗೆ ಪಿಸುಗುಟ್ಟಬೇಕಿದ್ದ ಕಾಲ. ಇವರಿಗೆ ಅದೂ ಬೇಕಿರಲಿಲ್ಲ. ಏರಿಯ ಮೇಲೆ ಸೈಕಲ್ ಬೆಲ್ ಕೇಳಿದರೆ ರೈಟರ್ ಬಂದ ಅಂತ ಅರ್ಥ. ಚೈತ್ರಶ್ರೀಗೆ ಆಗಲೇ ಬಟ್ಟೆ ಒಗೆಯುವ ನೆನಪು ಬರುತ್ತಿತ್ತು. ಒಗೆದದ್ದನ್ನೇ ಮತ್ತೆ ಒಗೆದ ಭಾನುವಾರಗಳೂ ಇದ್ದವು.

ಕಾವಲಿಗೆ ಅಜ್ಜಿ ತಾಯಮ್ಮ ಬಂದು ಏರಿಯ ಮೇಲೆ ಕೂರುತ್ತಿದ್ದಳು. ಜೊಂಡಿನ ವಿಷಯದಲ್ಲಿ ತಾಯಮ್ಮನ ಮಾತೇ ಕೊನೆ. ಸುತ್ತಲ ಊರಿನಲ್ಲಿ ಚಾಪೆ ಹೆಣೆಯುವವರು ಗುರುತು ಸಿಗದ ಜೊಂಡನ್ನು ಅವಳ ಹತ್ತಿರ ತರುತ್ತಿದ್ದರು. ಅವಳು ಕಣ್ಣು ಮುಚ್ಚಿ ಎಲೆಯ ಬೆನ್ನು ಸವರಿ ಜಾತಿ ಹೇಳುತ್ತಿದ್ದಳು. ಗಂಡ ಹೋಗಿ, ಮಗ ಶಾಂತಮಲ್ಲಪ್ಪ ಯಜಮಾನನಾಗಿ, ಬೀಗದ ಕೈ ಸೊಸೆಯ ಸೊಂಟ ಸೇರಿದ ಮೇಲೆ ಆ ಮುದುಕಿಗೆ ತನ್ನದು ಅಂತ ಉಳಿದಿದ್ದ ದೊಡ್ಡಸ್ತಿಕೆ ಅದೊಂದೇ.

ಒಂದು ಭಾನುವಾರ ತಾಯಮ್ಮ ಬೆಂಕಿ ಒಟ್ಟಿ ಕಾಫಿ ಕಾಯಿಸಿ, ಸುಡುವ ಪಾತ್ರೆಯನ್ನು ಬರಿಗೈಯಲ್ಲೇ ಇಳಿಸಿದಳು. ಅವಳ ತೋರುಬೆರಳಿನ ಮೇಲೆ ಆಗಲೇ ಒಂದು ಬೊಬ್ಬೆ ಒಡೆದಿತ್ತು.

"ಅಜ್ಜಿ, ಬೆರಳು ಸುಟ್ಟೈತಲ್ಲ. ನೋವಾಗಲ್ವಾ?" ಎಂದು ಯೋಗಾನಂದ ಕೇಳಿದ.

"ಒಲೆ ಮುಂದೆ ಕೂತೂ ಕೂತೂ ಕೈ ಕಲ್ಲಾಗೈತೆ ಕಣಪ್ಪ. ನಿಮ್ಮಂಗೆ ಪೆನ್ನು ಹಿಡಿದ ಕೈಯಲ್ಲ ಇದು."

ಚೈತ್ರಶ್ರೀ ನಕ್ಕಳು. ಅವನು ನಗಲಿಲ್ಲ, ಆ ಬೆರಳನ್ನೇ ನೋಡುತ್ತಿದ್ದ. ಅವಳಿಗೆ ಆಗ ಅದು ಗಮನಕ್ಕೇ ಬರಲಿಲ್ಲ. ಅವಳ ಗಮನವೆಲ್ಲ ಅವನ ನೆನೆದ ಕೂದಲಿನ ಮೇಲಿತ್ತು, ಪಾಪ.

ಏಪ್ರಿಲ್ ಬರುವ ಹೊತ್ತಿಗೆ ಯೋಗಾನಂದನ ಕೈ ಪಳಗಿತ್ತು. ಅಜ್ಜಿ ತೂಕಡಿಸುವ ಹೊತ್ತು ನೋಡಿ ಅವಳು ಪರೀಕ್ಷೆ ಮಾಡುತ್ತಿದ್ದಳು. ಒಂದು ಸಂಜೆ ಅವನು ಕಣ್ಣು ಮುಚ್ಚಿ ನೀರಿನ ಕೆಳಗೆ ಕೈ ಆಡಿಸುತ್ತಾ ಹೇಳಿದ.

"ಇದ್ರಲ್ಲಿ ಏಣು ಇಲ್ಲ. ಸಣ್ಣಜೊಂಡು."

"ಅದು ಜೊಂಡಲ್ಲ ರೈಟ್ರೇ... ನನ್ನ ಬೆರಳು."

ಅವನು ಕಣ್ಣು ತೆರೆದ. ಆದರೆ ಬೆರಳು ಬಿಡಲಿಲ್ಲ. ಅವಳೂ ಎಳೆದುಕೊಳ್ಳಲಿಲ್ಲ. ಏರಿಯ ಮೇಲೆ ಅಜ್ಜಿ ಕೆಮ್ಮಿದಾಗ ಇಬ್ಬರೂ ಬೇರೆ ಬೇರೆ ದಿಕ್ಕಿಗೆ ತಿರುಗಿ, ಇಲ್ಲದ ಜೊಂಡು ಹುಡುಕತೊಡಗಿದರು.

"ಮುಂದಿನ ವಾರ ನಮ್ಮೂರು ಹೆತ್ತೂರಿಗೆ ಹೋಗ್ತೀನಿ. ಬರ್ತಾ ಅವ್ವನ್ನ ಕರ್ಕೊಂಡು ಬರ್ತೀನಿ," ಎಂದ ಅವನು, ಅವಳ ಕಡೆ ನೋಡದೆ.

"ಯಾಕಂತೆ?"

"ಹಸೆ ಚಾಪೆ ಎಷ್ಟು ಅಗಲ ಹೆಣೀತಾರೆ ಅಂತ ನಿಮ್ಮಜ್ಜಿನ ಕೇಳ್ಬೇಕಂತೆ. ಇಬ್ರು ಕೂರಬೇಕಲ್ಲ."

ಅಂದು ಮನೆಗೆ ಹೋಗುವ ದಾರಿ ಅವಳಿಗೆ ಕಾಣಲೇ ಇಲ್ಲ. ಅಜ್ಜಿ ಮಾತ್ರ ದಾರಿಯುದ್ದಕ್ಕೂ ಈ ಸಲದ ಸುಗ್ಗಿ ಹಬ್ಬ ಮುಗಿದ ಮೇಲೆ ತೂಬಿನ ಮೂಲೆಯ ಜೊಂಡು ಕೊಯ್ಯಬೇಕು, ನೆರಳಲ್ಲಿ ಒಣಗಿಸಬೇಕು ಎಂದು ಹೇಳುತ್ತಲೇ ಬಂದಳು. ಯಾರ ಮದುವೆಗೆ ಎಂದು ಅವಳೂ ಹೇಳಲಿಲ್ಲ, ಇವಳೂ ಕೇಳಲಿಲ್ಲ.

* * *

ಮುಂದಿನ ವಾರ ಯೋಗಾನಂದ ಹೆತ್ತೂರಿಗೆ ಹೋದ. ಚೈತ್ರಶ್ರೀ ಅಪ್ಪನ ಜೊತೆ ಶಿಕ್ಷಕರ ತರಬೇತಿಯ ಅರ್ಜಿ ಹಾಕಲು ಆಲೂರಿಗೆ ಹೋಗಿ, ಅಲ್ಲೇ ಅತ್ತೆಯ ಮನೆಯಲ್ಲಿ ಉಳಿದಳು.

ಮರುದಿನ ಬೆಳಿಗ್ಗೆ ಬಸ್ಸಿಳಿದು ಏರಿಯ ಮೇಲೆ ನಡೆದು ಬರುತ್ತಿದ್ದವಳ ಕಾಲು ತೂಬಿನ ಹತ್ತಿರ ನಿಂತುಬಿಟ್ಟಿತು.

ಆ ಮೂಲೆ ಬೋಳಾಗಿತ್ತು. ಒಂದೇ ಒಂದು ಎಲೆಯೂ ಇರಲಿಲ್ಲ. ಬೇರುಗಳನ್ನು ಅಗೆದು ತೆಗೆದ ಗುಳಿಗಳಲ್ಲಿ ಕೆಸರು ನೀರು ನಿಂತಿತ್ತು. ಸ್ವಲ್ಪ ಆಚೆ ಆನೆಜೊಂಡು ಮಾತ್ರ ಏನೂ ಆಗದಂತೆ ಎತ್ತರಕ್ಕೆ ನಿಂತಿತ್ತು.

ಮಳೆಗೆ ಮುಂಚೆ ಗುಂಡಿ ತುಂಬಿಸಿಬಿಡಿ ಎಂದು ಮಾಲೀಕರು ಹಠಾತ್ತಾಗಿ ಆಳುಗಳನ್ನು ಕಳಿಸಿದ್ದರಂತೆ. ಮೇಸ್ತ್ರಿ ಸುಬ್ಬಯ್ಯನೇ ಮುಂದೆ ನಿಂತು ಕೀಳಿಸಿದನಂತೆ. ಅವಳು ಓಡಿ ಹೋಗಿ ಅವನನ್ನು ಕೇಳಿದಾಗ ಅವನು ನೆಲ ನೋಡುತ್ತಾ, "ರೈಟ್ರು ಹೇಳಿದಂಗೆ ಮಾಡಿದ್ವಿ ಕಣಮ್ಮ," ಎಂದಷ್ಟೇ ಹೇಳಿದ.

ಆ ಸಂಜೆ ಯೋಗಾನಂದ ಏರಿಗೆ ಬಂದ. ಸೈಕಲ್ ಬೆಲ್ ಮಾಡಲಿಲ್ಲ. ಮುಖ ಬಾಡಿತ್ತು.

'ಇಲ್ಲ ಅನ್ನಿ... ನೀವಲ್ಲ ಅನ್ನಿ...' ಎಂದು ಅವಳ ಮನಸ್ಸು ಬೇಡಿಕೊಳ್ಳುತ್ತಿತ್ತು.

"ನನ್ನದೇ ತಪ್ಪು," ಎಂದ ಅವನು. "ಊರಿಗೆ ಹೋಗೋ ಮುಂಚೆ ಗುರುತು ತಪ್ಪಿ ಹೇಳಿಬಿಟ್ಟೆ."

"ಗುರುತು ತಪ್ಪಿತಾ? ಕೈ ಹಿಡಿದು ಕಲಿಸಿದ್ನಲ್ಲ ರೈಟ್ರೇ. ಕಣ್ಣು ಮುಚ್ಚಿದ್ರೂ ಹೇಳ್ತಿದ್ರಿ. ಈಗ ಗುರುತು ತಪ್ಪಿತಾ?"

ಅವನ ಮೌನ ಅವಳನ್ನು ಇನ್ನಷ್ಟು ಸುಟ್ಟಿತು. ಎಸ್ಟೇಟಿನವರ ಅವಸರಕ್ಕೆ, ಮಾಲೀಕರ ಒಂದು ಮಾತಿಗೆ, ಇವನು ಯಾವ ಜಾತಿಯಾದರೇನು ಎಂದು ಕೀಳಿಸಿರಬೇಕು ಎಂದೇ ಅವಳು ತಿಳಿದಳು. ಬಾಯಿಗೆ ಬಂದದ್ದನ್ನೆಲ್ಲ ಅಂದಳು. ನಿಮ್ಮ ಅವ್ವನನ್ನು ನಮ್ಮ ಮನೆಗೆ ಕರೆತರಬೇಡಿ ಎಂದಳು. ನಮ್ಮ ಏರಿ ಹತ್ತಬೇಡಿ ಎಂದಳು.

"ಆಗ್ಲಿ," ಎಂದ ಅವನು. ಹೊರಡುವ ಮುಂಚೆ, "ಅಜ್ಜಿ ಚೆನ್ನಾಗಿದ್ದಾರಾ?" ಎಂದು ಕೇಳಿದ.

ಅವಳು ತಿರುಗಿ ಮನೆಯ ಕಡೆ ನಡೆದಳು. ಮನೆಯಲ್ಲಿ ಅಜ್ಜಿ ಆಗಲೇ ರೈಟರನ್ನು ವಾಚಾಮಗೋಚರ ಬೈಯುತ್ತಿದ್ದಳು. ಬಾಗಿಲ ಪಕ್ಕದ ಗಳುವಿನ ಮೇಲೆ ಅಜ್ಜಿಯ ಸೀರೆ ಒಣಗುತ್ತಿತ್ತು. ಅದರ ಅಂಚಿಗೆ ಕೆರೆಯ ಕಪ್ಪು ಕೆಸರು ಮೆತ್ತಿತ್ತು. ಅಳುತ್ತಾ ಒಳಗೆ ಹೋದವಳು ಅದನ್ನು ಕಂಡೂ ಕಾಣದವಳಾದಳು.

ಆ ಮಳೆಗಾಲದಲ್ಲೇ ಯೋಗಾನಂದ ಎಸ್ಟೇಟ್ ಬಿಟ್ಟು ಹೋದ ಸುದ್ದಿ ಬಂತು. ಬೋಳು ಮೂಲೆಗೆ ಆನೆಜೊಂಡು ನುಗ್ಗಿ ತುಂಬಿಕೊಂಡಿತು.

* * *

ವರ್ಷಗಳು ಹೋದವು. ಚೈತ್ರಶ್ರೀ ತರಬೇತಿ ಮುಗಿಸಿ ಪಾಳ್ಯದ ಹತ್ತಿರದ ಶಾಲೆಯಲ್ಲಿ ಟೀಚರ್ ಆದಳು. ತಮ್ಮ ಲೋಹಿತನ ಮದುವೆಯೂ ಆಯಿತು. ಅವಳನ್ನು ನೋಡಲು ಬಂದ ಗಂಡುಗಳಿಗೆ ಲೆಕ್ಕವಿರಲಿಲ್ಲ. ಪ್ರತಿ ಸಲವೂ ಅವಳದು ಒಂದೇ ಮಾತು.

"ಹಸೆ ಚಾಪೆ ಇಲ್ದೆ ನಾನು ಕೂರಲ್ಲ ಅಪ್ಪ."

ಬೇರೆ ಕೆರೆಯಿಂದ ಜೊಂಡು ತರಿಸೋಣ ಎಂದರೆ ಅಜ್ಜಿ ಒಪ್ಪುತ್ತಿರಲಿಲ್ಲ. ಅಜ್ಜಿಯ ಹಠ ನಿಜವಾದ ಹಠ. ಮೊಮ್ಮಗಳದು ಹಠದ ಹಿಂದೆ ಅಡಗಿ ಕೂರುವ ಉಪಾಯ. ಯಾರನ್ನು ಕಾಯುತ್ತಿದ್ದೇನೆ ಎಂದು ತನಗೆ ತಾನೇ ಕೇಳಿಕೊಳ್ಳಲೂ ಅವಳಿಗೆ ಧೈರ್ಯವಿರಲಿಲ್ಲ.

ಕಷ್ಟವೇನೆಂದರೆ, ಕೆರೆ ಅವನನ್ನು ಮರೆಯಲು ಬಿಡುತ್ತಿರಲಿಲ್ಲ. ಅವನು ಮಾಡಿಟ್ಟು ಹೋದ ಗುಂಡಿಗಳಲ್ಲಿ ಜೊಂಡು ದಟ್ಟವಾಗಿ ಬೆಳೆದಿತ್ತು. ಸುಗ್ಗಿಯಿಂದ ಸುಗ್ಗಿಗೆ ನೀರಿನ ಕಪ್ಪು ಇಳಿಯಿತು, ವಾಸನೆ ಕಡಿಮೆಯಾಯಿತು. ಒಂದು ಜನವರಿಯಲ್ಲಿ ಮೀನು ನೆಗೆದ ಸದ್ದು ಕೇಳಿ ಅವಳು ಏರಿಯ ಮೇಲೇ ನಿಂತುಬಿಟ್ಟಳು. 'ಇಷ್ಟು ಶ್ರದ್ಧೆಯಿಂದ ಮಾಡಿದವನು ಅಷ್ಟು ಅಸಡ್ಡೆ ಹೇಗೆ ಮಾಡಿದ?' ಎಂಬ ಪ್ರಶ್ನೆ ಎದೆಯಲ್ಲಿ ಮುಳ್ಳಿನಂತೆ ಆಡುತ್ತಿತ್ತು.

ಉತ್ತರ ಸಿಕ್ಕಿದ್ದು ಎರಡು ಸಾವಿರದ ಎರಡರ ಫೆಬ್ರವರಿಯಲ್ಲಿ. ಆ ಭಾನುವಾರ ತಾಯಮ್ಮ ಹಠ ಹಿಡಿದಳು. ಕಣ್ಣು ಮುಚ್ಚುವುದರೊಳಗೆ ನಿನ್ನ ಚಾಪೆ ಹೆಣೆಯಬೇಕು, ಕೆರೆಯಲ್ಲಿ ಎಲ್ಲಾದರೂ ಒಂದು ಬುಡ ಉಳಿದಿರುತ್ತದೆ, ನಡಿ ಹುಡುಕೋಣ ಎಂದಳು. ಮೊಮ್ಮಗಳ ಭುಜ ಹಿಡಿದು ಮೆಲ್ಲಗೆ ನೀರಿಗಿಳಿದಳು. ಬಗ್ಗಿ, ಕಣ್ಣು ಮುಚ್ಚಿ, ಒಂದೊಂದೇ ಎಲೆಯ ಬೆನ್ನು ಸವರುತ್ತಾ ಹೋದಳು. ಒಂದು ಕಡೆ ನಿಂತಳು. ಸುಕ್ಕುಗಟ್ಟಿದ ಮುಖ ಅರಳಿತು.

"ಸಿಕ್ತು ಕಣವ್ವ. ಎಷ್ಟು ನುಣ್ಣಗೈತೆ ನೋಡು. ನಮ್ಮ ಸಣ್ಣಜೊಂಡು."

ಚೈತ್ರಶ್ರೀ ಸಂತೋಷದಿಂದ ನೀರಿನ ಕೆಳಗೆ ಕೈ ಹಾಕಿದಳು. ಹೆಬ್ಬೆಟ್ಟಿಗೆ ಏಣು ಸಿಕ್ಕಿತು. ಮಗುವಿಗೂ ಗೊತ್ತಾಗುವಷ್ಟು ಚೂಪಾದ ಏಣು.

'ಅಜ್ಜಿ ತಮಾಷೆ ಮಾಡ್ತಿದ್ದಾಳಾ?'

ಅಜ್ಜಿ ತಮಾಷೆ ಮಾಡುತ್ತಿರಲಿಲ್ಲ. ಕೈಯನ್ನು ನೀರಿನಿಂದ ಮೇಲೆತ್ತಿದಾಗ ಎಲೆಯ ಅಂಚು ತಾಗಿ ಅವಳ ಬೆರಳು ಕೊಯ್ದು ರಕ್ತ ಇಳಿಯುತ್ತಿತ್ತು. ಅವಳಿಗೆ ಅದು ಗೊತ್ತೇ ಇರಲಿಲ್ಲ. ನಗುತ್ತಲೇ ಇದ್ದಳು.

ಚೈತ್ರಶ್ರೀಗೆ ಬರಿಗೈಯಲ್ಲಿ ಇಳಿಸಿದ ಕಾಫಿ ಪಾತ್ರೆ ನೆನಪಾಯಿತು. ಒಡೆದ ಬೊಬ್ಬೆ ನೆನಪಾಯಿತು. ಅದನ್ನೇ ನೋಡುತ್ತಿದ್ದ ಅವನ ಕಣ್ಣುಗಳು ನೆನಪಾದವು. ಕೊನೆಗೆ ಗಳುವಿನ ಮೇಲೆ ಒಣಗುತ್ತಿದ್ದ ಸೀರೆಯ ಅಂಚು. ತಾನು ಆಲೂರಿನಲ್ಲಿದ್ದ ಆ ದಿನ ಅಜ್ಜಿ ಕೆರೆಗೆ ಇಳಿದಿದ್ದಳು.

ಅಜ್ಜಿಯ ಬೆರಳಿಗೆ ಸೆರಗಿನ ಚೂರು ಕಟ್ಟಿ ಮನೆಗೆ ಬಿಟ್ಟವಳೇ ಸುಬ್ಬಯ್ಯನ ಮನೆಗೆ ನಡೆದಳು.

"ಸುಬ್ಬಯ್ಯಣ್ಣ, ಆವತ್ತು ತೂಬಿನ ಮೂಲೆ ಕೀಳಿ ಅಂತ ತೋರಿಸಿದ್ದು ಯಾರು? ನನ್ನಾಣೆ, ನಿಜ ಹೇಳು."

ಸುಬ್ಬಯ್ಯ ಬಹಳ ಹೊತ್ತು ಬೀಡಿಯನ್ನು ಬೆರಳ ಸಂದಿಯಲ್ಲಿ ಹೊರಳಿಸಿದ. ಆಮೇಲೆ ಹೇಳಿದ. ಎಲೆ ನೋಡಿ ಗುರುತು ಸಿಗದೆ ಆಳುಗಳೇ ಹೋಗಿ ತಾಯಮ್ಮನನ್ನು ಕರೆತಂದಿದ್ದರು. ತಾಯಮ್ಮ ನೀರಿಗಿಳಿದು, ಆಳೆತ್ತರದ ಜೊಂಡಿನ ನಡುವೆ ಕಣ್ಣು ಮುಚ್ಚಿಕೊಂಡೇ ಸವರುತ್ತಾ ಹೋಗಿ, ಆಚೆಯದು ನುಣ್ಣಗಿದೆ ಅದನ್ನು ಬಿಡಿ, ಇದು ಆನೆಜೊಂಡು, ಎಲ್ಲ ಕಿತ್ತುಕೊಳ್ಳಿ ಎಂದಿದ್ದಳು. ಅದು ತೂಬಿನ ಮೂಲೆ ಅಂತ ಆಳುಗಳಿಗೆ ಗೊತ್ತಿತ್ತು. ಆದರೆ ತಾಯಮ್ಮನ ಬೆರಳಿನ ಮೇಲೆ ಅನುಮಾನ ಪಡುವ ಗಂಡು ಆ ಊರಿನಲ್ಲಿ ಹುಟ್ಟಿರಲಿಲ್ಲ.

"ರೈಟ್ರು ಅವತ್ತೇ ರಾತ್ರಿ ಊರಿಂದ ಬಂದು ರಾಶಿ ಮುಟ್ಟಿ ನೋಡಿ ತಲೆ ಮೇಲೆ ಕೈ ಹೊತ್ಕೊಂಡು ಕೂತುಬುಟ್ರು ಕಣಮ್ಮ. ಆಮೇಲೆ ನಮ್ಮತ್ರ ಮಾತು ತಗೊಂಡ್ರು. ಅಜ್ಜಿಗೆ ಬೆರಳಲ್ಲಿ ಸ್ಪರ್ಶ ಹೋಗೈತೆ, ಅದು ಅವರಿಗೇ ಗೊತ್ತಿಲ್ಲ, ಗೊತ್ತಾದ್ರೆ ಜೀವ ಇಟ್ಕೊಳ್ಳಲ್ಲ, ನಾನೇ ಹೇಳಿದ್ದು ಅಂತ ಹೇಳ್ಬುಡಿ ಅಂದ್ರು."

ಚೈತ್ರಶ್ರೀ ಅಲ್ಲೇ ಜಗಲಿಯ ಮೇಲೆ ಕುಸಿದಳು. ಅತ್ತು ಮುಗಿಸಿದ ಮೇಲೆ, ಸೆರಗಿನಲ್ಲಿ ಮುಖ ಒರೆಸಿಕೊಂಡು, ರೈಟರಿಗೆ ಈಗ ಮದುವೆ ಆಗಿದೆಯಾ ಎಂದು ಆದಷ್ಟು ಸಹಜವಾಗಿ ಕೇಳಿದಳು. ಸುಬ್ಬಯ್ಯನಿಗೆ ನಗು ಬಂತು. ಆಗಿಲ್ಲವಂತೆ, ಹೆತ್ತೂರಿನ ಹತ್ತಿರ ಸ್ವಂತ ಏಲಕ್ಕಿ ತೋಟ ನೋಡಿಕೊಂಡು ಇದ್ದಾರಂತೆ ಎಂದ.

* * *

ಮುಂದಿನ ರಜೆಯ ದಿನ ಅವಳು ಸಕಲೇಶಪುರಕ್ಕೆ ಹೋಗಿ ಹೆತ್ತೂರಿನ ಬಸ್ ಹತ್ತಿದಳು. ಪ್ರತಿ ತಿರುವಿನಲ್ಲೂ 'ಇಳಿದು ವಾಪಸ್ ಹೋಗಿಬಿಡಲಾ' ಅನ್ನಿಸುತ್ತಿತ್ತು. ಯಾವ ಮುಖ ಇಟ್ಟುಕೊಂಡು ಮಾತಾಡುವುದು? ಅವ್ವನನ್ನು ಕರೆತರಬೇಡಿ ಎಂದವಳೇ ಈಗ ಅವ್ವನ ಮನೆ ಬಾಗಿಲಿಗೆ ಹೊರಟಿದ್ದಳು.

ಆ ಅವ್ವ ಮೀನಾಕ್ಷಮ್ಮ ಅಂಗಳದಲ್ಲಿ ಮೆಣಸು ಹರಡುತ್ತಿದ್ದರು. ಬಂದವಳನ್ನು ತಲೆಯಿಂದ ಕಾಲಿನವರೆಗೆ ನೋಡಿದರು.

"ನೀನು ಪಾಳ್ಯದ ಹುಡುಗಿ ಅಲ್ವಾ?"

ಚೈತ್ರಶ್ರೀ ತಲೆಯಾಡಿಸಿದಳು.

"ಎಷ್ಟು ತಡ ಮಾಡ್ದೆ ಮಾರಾಯ್ತಿ," ಎಂದು ಮೀನಾಕ್ಷಮ್ಮ ನಿಟ್ಟುಸಿರು ಬಿಟ್ಟು, ಕೈ ಒರೆಸಿಕೊಂಡು ಅವಳನ್ನು ಮನೆಯ ಹಿಂದಕ್ಕೆ ಕರೆದೊಯ್ದರು. ತೋಟದ ಕೆಳಗೆ ಒಂದು ಪುಟ್ಟ ಹೊಂಡ ತೋರಿಸಿ, ತಾವು ಮಾತ್ರ ಒಲೆಯ ಮೇಲೆ ಹಾಲಿದೆ ಎಂದು ಹಿಂದಿರುಗಿದರು. ಹಾಲು ಇರಲಿಲ್ಲ ಎಂದು ಬೇರೆ ಹೇಳಬೇಕಿಲ್ಲ.

ಹೊಂಡದ ತುಂಬ ಜೊಂಡು.

ಅವಳು ಚಪ್ಪಲಿ ಬಿಟ್ಟು ನೀರಿಗಿಳಿದಳು. ಕಣ್ಣು ಮುಚ್ಚಿದಳು. ನೀರಿನ ಕೆಳಗೆ, ಬುಡದ ಹತ್ತಿರ ಎಲೆ ಹಿಡಿದು ಬೆನ್ನ ಮೇಲೆ ಹೆಬ್ಬೆಟ್ಟು ಆಡಿಸಿದಳು.

ನುಣ್ಣಗಿತ್ತು.

ಪಕ್ಕದ್ದು ಹಿಡಿದಳು. ಅದೂ ನುಣ್ಣಗಿತ್ತು. ಇನ್ನೊಂದು, ಮತ್ತೊಂದು... ಎಲ್ಲವೂ. ಅವಳ ಕಣ್ಣೀರು ಹೊಂಡಕ್ಕೆ ಬೀಳುತ್ತಿತ್ತು.

"ಯಾರ್ರೀ ಅದು? ಮೊದ್ಲು ನೀರಿಂದ ಮೇಲೆ ಬನ್ನಿ."

ಬೆಚ್ಚಿ ತಿರುಗಿದಳು. ದಡದಲ್ಲಿ ಯೋಗಾನಂದ ನಿಂತಿದ್ದ. ಕಿವಿಯ ಪಕ್ಕ ಒಂದೆರಡು ಕೂದಲು ಬೆಳ್ಳಗಾಗಿದ್ದವು. ತಮಾಷೆಗೆಂದು ಶುರು ಮಾಡಿದವನ ದನಿ ಮಾತು ಮುಗಿಯುವಷ್ಟರಲ್ಲಿ ನಡುಗಿತ್ತು.

"ಇದು ನಮ್ಮ ಕೆರೇದು," ಎಂದಳು ಅವಳು.

"ಹೂಂ. ಗುಂಡಿಗೆ ಹಾಕಿದ್ರೆ ಆ ನೀರಲ್ಲಿ ಉಳೀತಿರ್ಲಿಲ್ಲ. ಸಿಕ್ಕಷ್ಟು ಬೇರು ಗೋಣಿಚೀಲದಲ್ಲಿ ತುಂಬ್ಕೊಂಡು ಇಲ್ಲಿಗೆ ತಂದೆ. ನಿಮ್ಮ ಕೆರೆ ನೀರು ಮೊದ್ಲು ತಿಳಿಯಾಗ್ಲಿ, ಆಮೇಲೆ ವಾಪಸ್ ನೆಡೋಣ ಅಂತಿದ್ದೆ."

"ತಿಳಿಯಾಗಿ ಎಷ್ಟು ಕಾಲ ಆಯ್ತು. ಯಾಕೆ ಬರ್ಲಿಲ್ಲ?"

"ಬರೋಕೆ ಹೊರಟಿದ್ದೆ. ಶಾಂತಮಲ್ಲಪ್ಪನವರ ಮನೇಲಿ ಮದುವೆ ಅಂತ ಸಕಲೇಶಪುರದಲ್ಲಿ ಯಾರೋ ಹೇಳಿದ್ರು. ಇನ್ನು ಜೊಂಡು ತಗೊಂಡು ಹೋಗಿ ಏನು ಮಾಡೋದು ಅಂತ..."

"ಅದು ನಮ್ಮ ಲೋಹಿತಂದು ಕಣ್ರೀ."

ಇಬ್ಬರಿಗೂ ಒಮ್ಮೆಲೇ ನಗು ಬಂತು. ನಗುತ್ತಾ ನಗುತ್ತಾ ಚೈತ್ರಶ್ರೀ ಬಿಕ್ಕಿ ಅಳತೊಡಗಿದಳು. ಅವನು ಪ್ಯಾಂಟನ್ನೂ ಮಡಚದೆ ನೀರಿಗಿಳಿದು ಅವಳ ಮುಂದೆ ಬಂದು ನಿಂತ.

"ಸುಬ್ಬಯ್ಯಣ್ಣ ಎಲ್ಲ ಹೇಳಿದ," ಎಂದಳು. "ನನಗಾದ್ರೂ ಹೇಳಬಾರ್ದಿತ್ತಾ ರೈಟ್ರೇ? ನಾನು ಅಷ್ಟೆಲ್ಲ ಅಂದೆ, ಸುಮ್ನೆ ನಿಂತಿದ್ರಲ್ಲ."

"ಹೇಳಿದ್ರೆ ನೀವು ನನ್ನ ಕ್ಷಮಿಸ್ತಿದ್ರಿ. ಆದ್ರೆ ಅಜ್ಜಿ ಕೈ ನೋಡಿದಾಗೆಲ್ಲ ನಿಮ್ಮ ಕಣ್ಣಲ್ಲಿ ಅದು ಕಾಣ್ತಿತ್ತು. ಅವರು ನಿಮ್ಮ ಕಣ್ಣು ಓದ್ತಾರೆ. ಅವರ ಹತ್ರ ಉಳಿದಿರೋದು ಆ ಬೆರಳಿನ ಹೆಸರೊಂದೇ, ಅದನ್ನ ಕಿತ್ಕೊಂಡು ನಾನು ಯಾವ ಹಸೆ ಮೇಲೆ ಕೂರ್ಲಿ?"

"ನಾನೇ ನಿಮಗೆ ಕಲಿಸಿದ್ದು, ಮೇಲ್ಗಡೆ ನೋಡಿ ಗುರುತು ಹಿಡೀಬಾರ್ದು ಅಂತ," ಎಂದಳು ಅವಳು. "ನಿಮ್ಮ ವಿಷಯದಲ್ಲಿ ನಾನೇ ಅದನ್ನ ಮರೆತೆ. ನಿಮ್ಮನ್ನ ಬಿಟ್ಟು ಇನ್ನೊಬ್ರನ್ನ ನೋಡೋಕೂ ಆಗ್ಲಿಲ್ಲ ನನಗೆ. ಚಾಪೆ ಇಲ್ಲ, ಚಾಪೆ ಇಲ್ಲ ಅಂತ ಎಲ್ಲರನ್ನೂ ವಾಪಸ್ ಕಳಿಸಿದೆ."

ಅವನು ಹೊಂಡದ ತುಂಬ ನಿಂತಿದ್ದ ಜೊಂಡಿನ ಕಡೆ ಒಮ್ಮೆ ನೋಡಿದ. ಅವನ ಉತ್ತರ ಅಲ್ಲಿ ಬೆಳೆದು ನಿಂತಿತ್ತು.

* * *

ಹದಿನೈದು ದಿನ ಕಳೆಯುವುದರೊಳಗೆ ಹೆತ್ತೂರಿನ ಜೀಪೊಂದು ಶಾಂತಮಲ್ಲಪ್ಪನವರ ಮನೆ ಮುಂದೆ ನಿಂತಿತು. ಮೀನಾಕ್ಷಮ್ಮ ಇಳಿದರು. ಹಿಂದೆ ಜೊಂಡಿನ ಹೊರೆ ಹೊತ್ತು ಯೋಗಾನಂದ ಇಳಿದ. ಹಿಂದಿನ ದಿನವೇ ಮಗಳಿಂದ ಎಲ್ಲ ಕೇಳಿದ್ದ ಶಾಂತಮಲ್ಲಪ್ಪ ಮಾತಾಡದೆ ಎದ್ದು ಬಂದು ಹೊರೆಗೆ ಕೈ ಕೊಟ್ಟರು.

ಜಗಲಿಯ ಮೇಲೆ ಕೂತಿದ್ದ ತಾಯಮ್ಮ ಮಾತ್ರ ಹುಬ್ಬು ಗಂಟಿಕ್ಕಿದಳು.

"ತಾ ಇಲ್ಲಿ. ಯಾವ ಜೊಂಡೋ ಏನೋ. ನಿನ್ನ ಗುರುತು ನನಗೆ ಗೊತ್ತಿಲ್ವಾ?"

ಒಂದು ಎಲೆ ಎಳೆದುಕೊಂಡು, ಕಣ್ಣು ಮುಚ್ಚಿ, ಬೆನ್ನು ಸವರಿದಳು. ಚೈತ್ರಶ್ರೀ ಉಸಿರು ಬಿಗಿಹಿಡಿದಳು. ಆ ಬೆರಳಿಗೆ ಏಣೂ ಒಂದೇ, ನುಣುಪೂ ಒಂದೇ. ಅಜ್ಜಿ ಇಲ್ಲ ಅಂದರೆ ಇಲ್ಲ ಅಂತಲೇ.

ತಾಯಮ್ಮ ಮತ್ತೊಮ್ಮೆ ಸವರಿದಳು. ಎಲೆಯನ್ನು ಮೂಗಿನ ಹತ್ತಿರ ಹಿಡಿದು ವಾಸನೆ ನೋಡಿದಳು. ಆಮೇಲೆ ನಿಧಾನವಾಗಿ ಕಣ್ಣು ತೆರೆದಳು.

"ನಮ್ಮ ಹೊಸಕೆರೇದೇ. ನನ್ನ ಬೆರಳು ಸುಳ್ಳು ಹೇಳಲ್ಲ."

"ಇಲ್ಲಜ್ಜಿ. ನಿಮ್ಮ ಬೆರಳು ಯಾವತ್ತೂ ಸುಳ್ಳು ಹೇಳಿಲ್ಲ," ಎಂದ ಯೋಗಾನಂದ.

"ಆದ್ರೂ ಆವತ್ತು ನೀನು ಹಂಗೆ ಮಾಡಬಾರ್ದಿತ್ತು ಕಣಪ್ಪ. ನನ್ನ ಒಂದು ಮಾತು ಕೇಳಿ ಕೀಳಿಸಿದ್ರೆ ಹಿಂಗಾಗ್ತಿತ್ತಾ?"

ಆಳುಗಳು ಬಂದು ಕೇಳಿದ್ದೂ, ತಾನು ನೀರಿಗಿಳಿದು ತೋರಿಸಿದ್ದೂ ಅವಳಿಗೆ ಚೆನ್ನಾಗಿಯೇ ನೆನಪಿತ್ತು. ತಾನು ತೋರಿಸಿದ್ದನ್ನು ಬಿಟ್ಟು ರೈಟರ್ ಹೇಳಿದ್ದನ್ನು ಕಿತ್ತರು ಎಂದೇ ಅವಳು ಇಷ್ಟು ವರ್ಷ ನಂಬಿದ್ದಳು. ಬಾಗಿಲ ಮರೆಯಲ್ಲಿದ್ದ ಚೈತ್ರಶ್ರೀ ಬಾಯಿಗೆ ಸೆರಗು ಒತ್ತಿಕೊಂಡಳು.

ಯೋಗಾನಂದ ಬಗ್ಗಿ ಅಜ್ಜಿಯ ಕಾಲು ಮುಟ್ಟಿದ.

"ತಪ್ಪಾಯ್ತಜ್ಜಿ."

"ಆಗ್ಲಿ ಬಿಡು. ಹುಡುಗಾಟದ ವಯಸ್ಸು," ಎಂದು ತಾಯಮ್ಮ ದೊಡ್ಡ ಮನಸ್ಸು ಮಾಡಿ ಕ್ಷಮಿಸಿದಳು.

ಜೊಂಡು ನೆರಳಲ್ಲಿ ಒಣಗಿತು. ಚೈತ್ರಶ್ರೀ ಒಂದೊಂದೇ ಎಲೆ ಆರಿಸಿ ಕೊಟ್ಟಳು, ಅಜ್ಜಿ ಹೆಣೆದಳು. ಬೆರಳ ತುದಿಗೆ ಏನೂ ತಿಳಿಯದಿದ್ದರೂ ಆ ಕೈಗಳು ಹೆಣಿಗೆ ಮರೆತಿರಲಿಲ್ಲ. ಉಳಿಸಿಕೊಂಡಿದ್ದ ಬೇರುಗಳನ್ನು ಯೋಗಾನಂದ ಮತ್ತು ಸುಬ್ಬಯ್ಯ ಆನೆಜೊಂಡು ಕಿತ್ತ ಜಾಗದಲ್ಲಿ, ತೂಬಿನ ಮೂಲೆಯಲ್ಲೇ ನೆಟ್ಟರು.

ಮೇ ತಿಂಗಳಲ್ಲಿ ಮನೆಯಂಗಳದ ಚಪ್ಪರದ ಕೆಳಗೆ ಇಬ್ಬರೂ ಆ ಚಾಪೆಯ ಮೇಲೆ ಕೂತರು. ಚಾಪೆ ಇಬ್ಬರಿಗೆ ಸರಿಯಾಗುವಷ್ಟೇ ಅಗಲವಿತ್ತು. ತಾಯಮ್ಮ ಎದುರಿಗೇ ಕೂತು ಬಂದವರಿಗೆಲ್ಲ ಜೊಂಡಿನ ಗುರುತು ಹೇಳುತ್ತಿದ್ದಳು.

ಸೆರಗಿನ ಮರೆಯಲ್ಲಿ ಒಂದು ಕೈ ಬಂದು ಚೈತ್ರಶ್ರೀಯ ಬೆರಳನ್ನು ಹುಡುಕಿತು.

"ಇದ್ರಲ್ಲಿ ಏಣು ಇಲ್ಲ," ಎಂದು ಅವನು ಮೆಲ್ಲಗೆ ಅಂದ. "ನುಣ್ಣಗಿರೋದನ್ನ ಮುಟ್ಟಬೇಡಿ ಅಂದಿದ್ರಿ."

"ಅದು ಆಗ ರೈಟ್ರೇ," ಎಂದಳು ಅವಳು ತಲೆ ತಗ್ಗಿಸಿಕೊಂಡೇ. "ಈಗ ಬಿಡಬೇಡಿ."